ಸಭೆಗೆ, ಸೇವೆಗೆ ಆಸ್ತಿಯ ಪಾಲು: ಉಯಿಲೋ, ದಾನಪತ್ರವೋ, ದತ್ತಿನಿಧಿಯೋ?

ಭಾರತದ ಕ್ರೈಸ್ತರೊಬ್ಬರು ಉಯಿಲು ಬರೆಯದೆ ತೀರಿಕೊಂಡರೆ, ಅವರು ಜೀವಮಾನವಿಡೀ ಹೋಗುತ್ತಿದ್ದ ಸಭೆಗಾಗಲಿ, ಅಂದರೆ ಚರ್ಚಿಗಾಗಲಿ, ವರ್ಷವರ್ಷವೂ ಹಣ ಕಳಿಸುತ್ತಿದ್ದ ಅನಾಥಾಲಯಕ್ಕಾಗಲಿ ಒಂದು ಪೈಸೆಯೂ ಸೇರುವುದಿಲ್ಲ. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ ಪಾಲು ಹಂಚುವುದು ಕುಟುಂಬದವರಿಗೆ ಮಾತ್ರ. ಗಂಡ ಅಥವಾ ಹೆಂಡತಿಗೆ ಮೂರನೇ ಒಂದು ಭಾಗ, ಉಳಿದ ಮೂರನೇ ಎರಡು ಭಾಗ ಮಕ್ಕಳಿಗೆ, ಮಗ ಮಗಳೆಂಬ ಭೇದವಿಲ್ಲದೆ. ಮಕ್ಕಳು ಮೊಮ್ಮಕ್ಕಳು ಇಲ್ಲದಿದ್ದರೆ ಸಂಗಾತಿಗೆ ಅರ್ಧ, ಇನ್ನರ್ಧ ತಂದೆಗೆ. ತಂದೆಯೂ ಇಲ್ಲದಿದ್ದರೆ ಆ ಅರ್ಧವನ್ನು ತಾಯಿ, ಒಡಹುಟ್ಟಿದವರು ಸಮನಾಗಿ ಹಂಚಿಕೊಳ್ಳುತ್ತಾರೆ. "ನಮ್ಮಪ್ಪ ಸಭೆಗೆ ಐದು ಲಕ್ಷ ಕೊಡಬೇಕು ಅಂತ ಯಾವಾಗಲೂ ಹೇಳ್ತಿದ್ದರು" ಎಂಬ ಮಾತಿಗೆ ಕಾನೂನಿನಲ್ಲಿ ಬೆಲೆಯಿಲ್ಲ. ಮಕ್ಕಳು ಒಪ್ಪಿ ಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ.

ಉಯಿಲು ಬರೆದರೆ ಮಾತೇ ಬೇರೆ. ಕ್ರೈಸ್ತರಿಗೆ ಅನ್ವಯಿಸುವ ಕಾನೂನಿನಲ್ಲಿ ಯಾರಿಗೂ ಕಡ್ಡಾಯ ಪಾಲಿಲ್ಲ; ಹುಟ್ಟಿನಿಂದಲೇ ಮಕ್ಕಳಿಗೆ ಹಕ್ಕು ತರುವ ಪಿತ್ರಾರ್ಜಿತದ ಲೆಕ್ಕವೂ ಇಲ್ಲ. ನಿಮ್ಮ ಹೆಸರಿನಲ್ಲಿರುವುದನ್ನು ನಿಮಗೆ ಬೇಕಾದವರಿಗೆ ಬರೆಯಬಹುದು.

ಈ ವಿಷಯ ಮಾತಾಡುವಾಗ ಹಳೆಯ ಹೆದರಿಕೆಯೊಂದು ಈಗಲೂ ತಲೆ ಹಾಕುತ್ತದೆ: "ಧರ್ಮಕಾರ್ಯಕ್ಕೆ ಬರೆಯುವುದಾದರೆ ಸಾಯುವುದಕ್ಕೆ ಒಂದು ವರ್ಷ ಮೊದಲೇ ಬರೆದಿರಬೇಕಂತೆ, ಆರು ತಿಂಗಳೊಳಗೆ ಸರ್ಕಾರದಲ್ಲಿ ಇಡಬೇಕಂತೆ." ಅದು ಆ ಕಾಯ್ದೆಯ 118ನೇ ಕಲಂ. ಅಣ್ಣತಮ್ಮ ಅಕ್ಕತಂಗಿಯರ ಮಕ್ಕಳು ಅಥವಾ ಅವರಿಗಿಂತ ಹತ್ತಿರದ ಸಂಬಂಧಿಕರು ಇದ್ದವರಿಗೆ ಈ ಕಟ್ಟು ಇತ್ತು. ಕೇರಳದ ಪಾದ್ರಿ ಜಾನ್ ವಲ್ಲಮಟ್ಟಂ ಅವರ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ 2003ರಲ್ಲಿ ಅದನ್ನು ಸಂವಿಧಾನಬಾಹಿರವೆಂದು ರದ್ದು ಮಾಡಿತು. ಹಳೆಯ ಪುಸ್ತಕ ನೋಡಿ ಯಾರಾದರೂ ಅದನ್ನೇ ಹೇಳಿದರೆ ಹಿಂಜರಿಯಬೇಕಾಗಿಲ್ಲ.

ಆದರೆ ಕಾನೂನು ಬಿಟ್ಟುಕೊಟ್ಟದ್ದನ್ನೆಲ್ಲ ವಿಶ್ವಾಸ ಬಿಟ್ಟುಕೊಡುವುದಿಲ್ಲ. ಸ್ವಂತ ಮನೆಯವರನ್ನು ನೋಡಿಕೊಳ್ಳದವನು ನಂಬಿಕೆಯನ್ನೇ ತಳ್ಳಿಬಿಟ್ಟವನು ಎನ್ನುತ್ತದೆ ತಿಮೊಥೆಯನಿಗೆ ಬರೆದ ಮೊದಲ ಪತ್ರ. ತಂದೆತಾಯಿಗೆ ಸಲ್ಲಬೇಕಾದದ್ದನ್ನು "ಇದು ಕೊರ್ಬಾನ್, ದೇವರಿಗೆ ಮೀಸಲು" ಎಂದು ತಪ್ಪಿಸಿಕೊಳ್ಳುವವರನ್ನು ಯೇಸು ಮಾರ್ಕನ ಸುವಾರ್ತೆಯ 7ನೇ ಅಧ್ಯಾಯದಲ್ಲಿ ಖಂಡಿಸುತ್ತಾನೆ. ವಯಸ್ಸಾದ ಹೆಂಡತಿ, ಅಂಗವಿಕಲ ಮಗು, ಇನ್ನೂ ಓದುತ್ತಿರುವ ಮಕ್ಕಳು ಇದ್ದರೆ ಅವರ ಬದುಕಿಗೆ ಬೇಕಾದದ್ದನ್ನು ಮೊದಲು ಲೆಕ್ಕ ಹಾಕಿ ತೆಗೆದಿಡಿ. ಮುಂದಿನ ಹೋಲಿಕೆಯೆಲ್ಲ ಅದಾದ ಮೇಲೆ ಉಳಿಯುವ ಭಾಗಕ್ಕೆ.

ಆ ಭಾಗದ ಬಗ್ಗೆ ಎರಡು ಪ್ರಶ್ನೆ ಕೇಳಿಕೊಂಡರೆ ಅರ್ಧ ಗೊಂದಲ ಕರಗುತ್ತದೆ. ನಾನು ಬದುಕಿರುವಾಗ ಇದು ನನಗೆ ಮತ್ತೆ ಬೇಕಾದೀತೇ? ಯಾರಿಗೆ ಕೊಡಬೇಕೆಂದಿದ್ದೇನೋ ಅವರ ಹೆಸರಿನಲ್ಲಿ ಆಸ್ತಿ ನಿಲ್ಲುತ್ತದೆಯೇ? ಮೊದಲ ಪ್ರಶ್ನೆ ಉಯಿಲೋ ದಾನಪತ್ರವೋ ಎಂಬುದನ್ನು ತೀರ್ಮಾನಿಸುತ್ತದೆ. ಎರಡನೆಯದನ್ನು ಹೆಚ್ಚಿನವರು ಕೇಳುವುದೇ ಇಲ್ಲ. ಧರ್ಮಕ್ಕೆ ಬರೆದ ಆಸ್ತಿ ವ್ಯಾಜ್ಯಕ್ಕೆ ಬೀಳುವುದು ಬಹುಪಾಲು ಅಲ್ಲಿಯೇ.

ಈಗಲೇ ಕೊಡುವುದು

ಹಣವಾದರೆ ಈಗಲೇ ಕೊಡುವುದರಲ್ಲಿ ಎರಡು ಲಾಭ. ಕೊಟ್ಟದ್ದು ಹೇಗೆ ಬಳಕೆಯಾಯಿತೆಂದು ಕಣ್ಣಾರೆ ನೋಡಬಹುದು. ಸರಿಯಿಲ್ಲವೆನಿಸಿದರೆ ಮುಂದಿನ ವರ್ಷ ಬೇರೆಡೆಗೆ ಕೊಡಬಹುದು. ಇನ್ನೊಂದು ಆದಾಯ ತೆರಿಗೆಯದು. 80ಜಿ ಎಂದು ಎಲ್ಲರೂ ಬಲ್ಲ ರಿಯಾಯಿತಿ ಹಳೆಯ ತೆರಿಗೆ ಪದ್ಧತಿಯಲ್ಲಿರುವವರಿಗೆ ಸಿಗುತ್ತದೆ. ಸಂಸ್ಥೆಗೆ ಆ ಮಾನ್ಯತೆ ಇರಬೇಕು, ನಗದಾದರೆ 2,000 ರೂಪಾಯಿಗಿಂತ ಹೆಚ್ಚಿಗೆ ಕೊಟ್ಟದ್ದು ಲೆಕ್ಕಕ್ಕೆ ಬರುವುದಿಲ್ಲ, ಸಂಸ್ಥೆಯಿಂದ ದಾನದ ಪ್ರಮಾಣಪತ್ರ ಬರಬೇಕು. ಆರಾಧನೆಗೇ ಮೀಸಲಾದ ಸಂಸ್ಥೆಗಳಿಗೆ ಸಾಮಾನ್ಯವಾಗಿ ಈ ಮಾನ್ಯತೆ ಇರುವುದಿಲ್ಲ. ಅದೇ ಸಭೆ ನಡೆಸುವ ಆಸ್ಪತ್ರೆ, ಶಾಲೆ, ಬಾಲಭವನಕ್ಕೆ ಬೇರೆ ನೋಂದಣಿ ಇದ್ದರೆ ಅದಕ್ಕೆ ಇರಬಹುದು. ನಿವೇಶನ, ಚಿನ್ನದಂಥ ವಸ್ತುರೂಪದ ದಾನಕ್ಕೆ ಈ ರಿಯಾಯಿತಿ ಇಲ್ಲವೇ ಇಲ್ಲ.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ತೆಗೆದುಹಾಕಬೇಕು. ಉಯಿಲಿನಲ್ಲಿ ಧರ್ಮಕ್ಕೆ ಬರೆದರೆ ತೆರಿಗೆ ಉಳಿಯುತ್ತದೆ ಎಂದು ಹೊರದೇಶದ ಮಾರ್ಗದರ್ಶಿಗಳು ಹೇಳುತ್ತವೆ. ಅಲ್ಲಿ ಮರಣಾನಂತರದ ಆಸ್ತಿಯ ಮೇಲೆ ತೆರಿಗೆ ಇದೆ, ಆದ್ದರಿಂದ ಆ ಮಾತಿಗೆ ಅರ್ಥವಿದೆ. ನಮ್ಮಲ್ಲಿ ಆ ತೆರಿಗೆ 1985ರಲ್ಲಿಯೇ ರದ್ದಾಯಿತು. ಉಯಿಲಿನ ಕೊಡುಗೆಯಿಂದ ನಿಮಗಾಗಲಿ ಮಕ್ಕಳಿಗಾಗಲಿ ತೆರಿಗೆಯ ಲಾಭವಿಲ್ಲ. ತೆರಿಗೆಯೇ ಮುಖ್ಯವಾದರೆ ಬದುಕಿರುವಾಗ, ಬ್ಯಾಂಕ್ ಮೂಲಕ, ಮಾನ್ಯತೆಯಿರುವ ಸಂಸ್ಥೆಗೆ ಕೊಡಿ.

ಸ್ಥಿರಾಸ್ತಿಯನ್ನು ಈಗಲೇ ಕೊಡಲು ದಾನಪತ್ರ ಬೇಕು. 1882ರ ಆಸ್ತಿ ವರ್ಗಾವಣೆ ಕಾಯ್ದೆಯ ಪ್ರಕಾರ ಅದು ನೋಂದಣಿಯಾಗಲೇಬೇಕು, ಇಬ್ಬರು ಸಾಕ್ಷಿಗಳ ಸಹಿ ಬೇಕು, ಪಡೆಯುವವರು ನೀವು ಬದುಕಿರುವಾಗಲೇ ಒಪ್ಪಿ ಸ್ವೀಕರಿಸಬೇಕು. ಮುದ್ರಾಂಕ ಶುಲ್ಕ, ನೋಂದಣಿ ಶುಲ್ಕ ಕಟ್ಟಬೇಕು. ಕುಟುಂಬದೊಳಗಿನ ದಾನಕ್ಕೆ ರಾಜ್ಯಗಳು ಕೊಡುವ ರಿಯಾಯಿತಿ ದರವನ್ನು ಸಂಸ್ಥೆಗೆ ಕೊಡುವಾಗ ನೆಚ್ಚಿಕೊಳ್ಳಬೇಡಿ, ಮೊದಲೇ ವಿಚಾರಿಸಿ. ಎಲ್ಲಕ್ಕಿಂತ ಮುಖ್ಯವಾದದ್ದು: ಒಮ್ಮೆ ನೋಂದಾಯಿಸಿದ ದಾನವನ್ನು ಮನಸ್ಸು ಬದಲಾಯಿತೆಂದು ಹಿಂದೆ ಪಡೆಯುವಂತಿಲ್ಲ. ಮುಂದೆ ಶಸ್ತ್ರಚಿಕಿತ್ಸೆಗೆ ಹಣ ಬೇಕಾದರೂ, ಸಭೆಯಲ್ಲಿ ಒಡಕು ಬಂದರೂ ಅದು ಹೋದದ್ದು ಹೋದದ್ದೇ.

ಇದಕ್ಕೊಂದು ನಡುದಾರಿಯಿದೆ. ಮನೆಯ ಒಡೆತನವನ್ನು ಈಗಲೇ ಕೊಟ್ಟು, "ನಾನೂ ನನ್ನ ಹೆಂಡತಿಯೂ ಬದುಕಿರುವವರೆಗೆ ಇಲ್ಲಿಯೇ ವಾಸಿಸುವ, ಬಾಡಿಗೆ ಪಡೆಯುವ ಹಕ್ಕು ನಮ್ಮದು" ಎಂದು ದಾನಪತ್ರದಲ್ಲಿಯೇ ಉಳಿಸಿಕೊಳ್ಳುವುದು. ಸ್ವಾಧೀನ ಬಿಟ್ಟುಕೊಡದಿದ್ದರೂ ನೋಂದಾಯಿತ ದಾನ ಊರ್ಜಿತವೆಂದು ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿದೆ. ಮಕ್ಕಳಿಲ್ಲದ, ಪಿಂಚಣಿಯ ಆಧಾರವಿರುವ ದಂಪತಿಗೆ ಇದು ಒಳ್ಳೆಯ ದಾರಿ. ಆದರೆ "ಬದುಕಿರುವವರೆಗೆ" ಯಾರು ಎಂಬುದನ್ನು ಇಬ್ಬರ ಹೆಸರೂ ಹಾಕಿ ಬರೆಯಿಸಿ. ಗಂಡನ ಹೆಸರೊಂದೇ ಇದ್ದರೆ ಅವನು ತೀರಿಕೊಂಡ ದಿನವೇ ಹೆಂಡತಿಯ ವಾಸದ ಹಕ್ಕು ಪ್ರಶ್ನೆಗೆ ಬೀಳುತ್ತದೆ.

ಮನೆಯನ್ನು ವೃದ್ಧಾಶ್ರಮಕ್ಕೆ ಬರೆದುಕೊಟ್ಟು ಕೊನೆಯವರೆಗೆ ಅಲ್ಲಿಯೇ ಇರುವ ಒಪ್ಪಂದ ಮಾಡಿಕೊಳ್ಳುವವರಿದ್ದಾರೆ. ಹಿರಿಯ ನಾಗರಿಕರ 2007ರ ಕಾಯ್ದೆಯ 23ನೇ ಕಲಂ, ನೋಡಿಕೊಳ್ಳುವ ಷರತ್ತಿನ ಮೇಲೆ ಕೊಟ್ಟ ಆಸ್ತಿಯನ್ನು ಷರತ್ತು ಮುರಿದಾಗ ರದ್ದುಪಡಿಸಲು ದಾರಿ ಕೊಡುತ್ತದೆ. ಆದರೆ ಷರತ್ತು ಪತ್ರದಲ್ಲಿಯೇ ಇರಲಿ: ಊಟ, ಕೋಣೆ, ಔಷಧ, ಆಸ್ಪತ್ರೆ, ಅಂತ್ಯಸಂಸ್ಕಾರ, ಒಂದೊಂದೂ ಹೆಸರಿಟ್ಟು. "ಪ್ರೀತಿ ವಿಶ್ವಾಸದಿಂದ ಕೊಟ್ಟಿರುತ್ತೇನೆ" ಎಂಬ ಮಾಮೂಲಿ ಸಾಲು ಮಾತ್ರ ಇದ್ದರೆ ಷರತ್ತಿತ್ತೆಂದು ತೋರಿಸುವುದೇ ದೊಡ್ಡ ಹೋರಾಟವಾಗುತ್ತದೆ.

ಉಯಿಲಿನಲ್ಲಿ ಕೊಡುವ ಬಗೆಗಳು

ಉಯಿಲಿನ ದೊಡ್ಡ ಗುಣ, ಕೊನೆಯುಸಿರಿನವರೆಗೂ ಬದಲಿಸಬಹುದು, ಆಸ್ತಿ ನಿಮ್ಮ ಕೈಯಲ್ಲಿಯೇ ಇರುತ್ತದೆ. ಆದರೆ "ಉಯಿಲಿನಲ್ಲಿ ಚರ್ಚಿಗೂ ಬರೆಯುತ್ತೇನೆ" ಎಂದರೆ ಸಾಲದು. ಹೇಗೆ ಬರೆಯುತ್ತೀರಿ ಎಂಬುದರ ಮೇಲೆ ಕುಟುಂಬಕ್ಕೂ ಸಭೆಗೂ ಎಷ್ಟು ಸಿಗುತ್ತದೆಂಬುದು ಪೂರ್ತಿ ಬದಲಾಗುತ್ತದೆ.

ನಿಗದಿತ ಮೊತ್ತ ಬರೆಯುವುದು ಎಲ್ಲಕ್ಕಿಂತ ಬಳಕೆಯಲ್ಲಿರುವ ಕ್ರಮ, ನಮ್ಮ ಅಭಿಪ್ರಾಯದಲ್ಲಿ ದೊಡ್ಡ ಕೊಡುಗೆಗೆ ಎಲ್ಲಕ್ಕಿಂತ ಅಪಾಯದ್ದೂ ಹೌದು. ಒಂದು ಲೆಕ್ಕ ನೋಡಿ. ಮನೆ ಹೆಂಡತಿಗೆ, ಠೇವಣಿಯಲ್ಲಿ 5 ಲಕ್ಷ ಸಭೆಗೆ, ಉಳಿದದ್ದೂ ಹೆಂಡತಿಗೆ ಎಂದು ಒಬ್ಬರು ಬರೆಯುತ್ತಾರೆ. ಬರೆಯುವಾಗ ಠೇವಣಿ 30 ಲಕ್ಷವಿದೆ. ಕೊನೆಯ ಕಾಯಿಲೆಗೆ 22 ಲಕ್ಷ ಕರಗಿ 8 ಲಕ್ಷ ಉಳಿಯುತ್ತದೆ. ಸಭೆಗೆ ಪೂರ್ತಿ 5 ಲಕ್ಷ ಹೋಗುತ್ತದೆ, ಹೆಂಡತಿಯ ಕೈಗೆ 3 ಲಕ್ಷ. ಯಾವ ಸಭೆಯೂ ಬಯಸದ ಹಂಚಿಕೆ ಇದು. ಅದೇ ವ್ಯಕ್ತಿ "ಉಳಿಕೆಯ ನೂರಕ್ಕೆ ಹತ್ತು ಸಭೆಗೆ" ಎಂದು ಬರೆದಿದ್ದರೆ ಸಭೆಗೆ 80 ಸಾವಿರ, ಹೆಂಡತಿಗೆ 7 ಲಕ್ಷ 20 ಸಾವಿರ. ಹಾನಿ ಉಲ್ಟಾ ದಿಕ್ಕಿನಿಂದಲೂ ಬರುತ್ತದೆ. ಬೆಲೆಯೇರಿಕೆ ವರ್ಷಕ್ಕೆ 6 ಶೇಕಡಾ ಎಂದಿಟ್ಟುಕೊಂಡರೆ ಇಂದು ಬರೆದ 1 ಲಕ್ಷ ರೂಪಾಯಿ 20 ವರ್ಷದ ನಂತರ ಇಂದಿನ ಸುಮಾರು 31 ಸಾವಿರಕ್ಕೆ ಸಮ. ಬಾಲಕಿಯೊಬ್ಬಳ ನರ್ಸಿಂಗ್ ಓದಿಗೆಂದು ಬರೆದದ್ದು ಪುಸ್ತಕಕ್ಕೂ ಸಾಲದೆ ಹೋಗಬಹುದು.

ನಿರ್ದಿಷ್ಟ ವಸ್ತು ಬರೆಯುವುದು ಎರಡನೆಯ ಬಗೆ: ಇಂಥ ನಿವೇಶನ, ಇಂಥ ಕಂಪನಿಯ ಷೇರು, ಅಜ್ಜಿಯ ಸರ. ವಸ್ತುವಿನ ಗುರುತು ಸ್ಪಷ್ಟವಿದ್ದರೆ ಒಳ್ಳೆಯದೇ. ಆದರೆ ಆ ವಸ್ತು ನೀವು ತೀರಿಕೊಳ್ಳುವಾಗ ನಿಮ್ಮದಾಗಿ ಇಲ್ಲದಿದ್ದರೆ ಕೊಡುಗೆ ಅಲ್ಲಿಗೆ ಮುಗಿಯಿತು. ನಿವೇಶನ ಮಾರಿ ಹಣ ಬ್ಯಾಂಕಿನಲ್ಲಿಟ್ಟಿದ್ದರೂ ಆ ಹಣ ಸಂಸ್ಥೆಗೆ ಹೋಗುವುದಿಲ್ಲ. "ಮಾರಿದ್ದರೆ ಅದರ ಬದಲಿಗೆ ಇಷ್ಟು" ಎಂದು ಬರೆದಿದ್ದರೆ ಮಾತ್ರ ಉಳಿಯುತ್ತದೆ. ಆಸ್ತಿಯ ಮೇಲೆ ಅಡಮಾನದ ಸಾಲವಿದ್ದರೆ ಪಡೆಯುವವರು ಸಾಲದ ಸಮೇತ ಪಡೆಯುತ್ತಾರೆ. ಮೂವತ್ತು ಲಕ್ಷದ ನಿವೇಶನಕ್ಕೆ ಇಪ್ಪತ್ತೈದು ಲಕ್ಷದ ಸಾಲವಿದ್ದರೆ ಸಣ್ಣ ಸಂಸ್ಥೆ ಅದನ್ನು ಬೇಡವೆನ್ನುವುದೇ ಸರಿ. ಜಮೀನಾದರೆ ಸರ್ವೆ ನಂಬರ್, ವಿಸ್ತೀರ್ಣ, ನಾಲ್ಕೂ ದಿಕ್ಕಿನ ಚಕ್ಕುಬಂದಿ ಬರೆಯಿರಿ. ಕೃಷಿ ಜಮೀನನ್ನು ಸಂಸ್ಥೆಯ ಹೆಸರಿಗೆ ಮಾಡಲು ರಾಜ್ಯದ ಭೂ ಕಾನೂನು ಬಿಡುತ್ತದೆಯೇ ಎಂಬುದನ್ನು ಬರೆಯುವ ಮೊದಲು ವಕೀಲರಿಂದ ತಿಳಿದುಕೊಳ್ಳಿ. ಅನುಮಾನವಿದ್ದರೆ ಜಮೀನನ್ನೇ ಕೊಡುವ ಬದಲು ಅದನ್ನು ಮಾರಿ ಬಂದ ಹಣ ಕೊಡತಕ್ಕದ್ದೆಂದು ಬರೆಯುವುದು ಸುಲಭದ ದಾರಿ.

ಮೂರನೆಯದು ಉಳಿಕೆಯ ಪಾಲು. ಅಂತ್ಯಸಂಸ್ಕಾರ, ಸಾಲ, ನಿರ್ದಿಷ್ಟ ಕೊಡುಗೆ ಎಲ್ಲ ತೀರಿಸಿದ ಮೇಲೆ ಮಿಕ್ಕಿದ್ದರಲ್ಲಿ ನೂರಕ್ಕೆ ಇಷ್ಟು. ಆಸ್ತಿ ಬೆಳೆದರೆ ಕೊಡುಗೆ ಬೆಳೆಯುತ್ತದೆ, ಕರಗಿದರೆ ಕರಗುತ್ತದೆ, ಕುಟುಂಬವೂ ಸಭೆಯೂ ಒಂದೇ ತಕ್ಕಡಿಯಲ್ಲಿ ಇರುತ್ತಾರೆ. ದಶಮಾಂಶ ಕೊಟ್ಟು ಅಭ್ಯಾಸವಿದ್ದವರಿಗೆ ಈ ಕ್ರಮ ಮನಸ್ಸಿಗೂ ಒಗ್ಗುತ್ತದೆ. ಹೆಚ್ಚಿನ ಕುಟುಂಬಗಳಿಗೆ ನಾವು ಸೂಚಿಸುವುದು ಇದನ್ನೇ. ಇದರ ತೊಡಕು ಒಂದೇ: ಉಳಿಕೆಯಲ್ಲಿ ಪಾಲಿರುವ ಸಂಸ್ಥೆ ಪೂರ್ತಿ ಲೆಕ್ಕ ಕೇಳಬಹುದು. ಮನೆಯ ವ್ಯವಹಾರ ಹೊರಗಿನವರು ನೋಡುವುದು ಬೇಡವೆನಿಸಿದರೆ ಮೊತ್ತ ಬರೆದು, "ಆದರೆ ಅದು ನನ್ನ ನಿವ್ವಳ ಆಸ್ತಿಯ ಹತ್ತನೇ ಒಂದು ಭಾಗವನ್ನು ಮೀರಕೂಡದು" ಎಂದು ಮಿತಿ ಹಾಕಿ.

ನಾಲ್ಕನೆಯದು ಷರತ್ತಿನ ಕೊಡುಗೆ. "ಎಲ್ಲವೂ ಹೆಂಡತಿಗೆ, ಅವಳು ನನಗಿಂತ ಮೊದಲೇ ತೀರಿಕೊಂಡಿದ್ದರೆ ಮಕ್ಕಳಿಗೆ, ಅವರೂ ಅವರ ಮಕ್ಕಳೂ ಇಲ್ಲದಿದ್ದರೆ ಇಂಥ ಸಂಸ್ಥೆಗೆ." ಚಿಕ್ಕ ಮಕ್ಕಳಿರುವ ಮನೆಗೆ ಇಷ್ಟು ಸಾಕು. ದೂರದ ಸಂಬಂಧಿಕರ ನಡುವೆ ಹರಿದು ಹಂಚಿಹೋಗುವುದು ತಪ್ಪುತ್ತದೆ.

ಉಳಿಕೆಯ ಪಾಲನ್ನು ಬರೆಯುವ ಮಾದರಿ ಹೀಗಿರಬಹುದು (ಎಕ್ಸಿಕ್ಯೂಟರ್ ಎಂದರೆ ಉಯಿಲನ್ನು ಜಾರಿಗೆ ತರಲು ನೀವು ಹೆಸರಿಸುವವರು):

"ನನ್ನ ಅಂತ್ಯಸಂಸ್ಕಾರದ ವೆಚ್ಚ, ಸಾಲಗಳು ಹಾಗೂ ಮೇಲೆ ಹೇಳಿದ ಕೊಡುಗೆಗಳನ್ನು ತೀರಿಸಿದ ನಂತರ ಉಳಿಯುವ ನನ್ನ ಎಲ್ಲ ಚರ, ಸ್ಥಿರ ಆಸ್ತಿಯ ನೂರಕ್ಕೆ ಹತ್ತು ಭಾಗವನ್ನು ಇಂಥ ಹೆಸರಿನ, ಇಂಥ ನೋಂದಣಿ ಸಂಖ್ಯೆಯ, ಇಂಥ ಪ್ಯಾನ್ ಸಂಖ್ಯೆಯ ಸಂಸ್ಥೆಗೆ ಕೊಡತಕ್ಕದ್ದು. ಇದನ್ನು ಬಡ ವಿದ್ಯಾರ್ಥಿಗಳ ಓದಿಗೆ ಬಳಸಬೇಕೆಂಬುದು ನನ್ನ ಆಶಯ. ಆ ಕೆಲಸ ನಿಂತಿದ್ದರೆ ಸಂಸ್ಥೆಯ ಸಾಮಾನ್ಯ ಸೇವಾಕಾರ್ಯಕ್ಕೆ ಬಳಸಬಹುದು. ನಾನು ತೀರಿಕೊಂಡಾಗ ಆ ಸಂಸ್ಥೆಯ ಹೆಸರು ಬದಲಾಗಿದ್ದರೆ ಅಥವಾ ಅದು ಬೇರೊಂದರಲ್ಲಿ ವಿಲೀನವಾಗಿದ್ದರೆ ಅದರ ಸ್ಥಾನದಲ್ಲಿರುವ ಸಂಸ್ಥೆಗೆ, ಮುಚ್ಚಿಹೋಗಿದ್ದರೆ ಅದೇ ಬಗೆಯ ಕೆಲಸ ಮಾಡುವ, ನನ್ನ ಎಕ್ಸಿಕ್ಯೂಟರ್ ಆರಿಸುವ ಇನ್ನೊಂದು ಕ್ರೈಸ್ತ ಸೇವಾಸಂಸ್ಥೆಗೆ ಕೊಡತಕ್ಕದ್ದು. ಸಂಸ್ಥೆಯ ಖಜಾಂಚಿ ಕೊಡುವ ರಸೀದಿಯೇ ಎಕ್ಸಿಕ್ಯೂಟರ್ ಪಾಲಿಗೆ ಸಾಕಾದ ದಾಖಲೆ."

ಇದರಲ್ಲಿ "ಆಶಯ" ಎಂದಿರುವುದನ್ನು ಗಮನಿಸಿ. ಉದ್ದೇಶವನ್ನು ಕಟ್ಟುನಿಟ್ಟಾಗಿ ಕಟ್ಟಿಹಾಕಿದಷ್ಟೂ ಮುಂದೆ ಹಣ ಬಳಕೆಯಾಗದೆ ಕೊಳೆಯುವ ಸಾಧ್ಯತೆ ಹೆಚ್ಚು. ಟೈಪಿಂಗ್ ತರಬೇತಿಗೆಂದೇ ಬರೆದಿಟ್ಟ ನಿಧಿಯಿಂದ ಇಂದು ಯಾರಿಗೇನು ಉಪಯೋಗ? "ಸಂಸ್ಥೆ ಮುಚ್ಚಿದ್ದರೆ" ಎಂಬ ಸಾಲು ಇಲ್ಲದಿದ್ದರೆ, ಕೊಡುಗೆ ಊರ್ಜಿತವೋ ಇಲ್ಲವೋ, ಹಣ ಯಾರಿಗೆ ಎಂಬುದನ್ನು ನ್ಯಾಯಾಲಯವೇ ಹೇಳಬೇಕಾಗುತ್ತದೆ.

ಯಾರ ಹೆಸರಿಗೆ?

"ನಮ್ಮ ಚರ್ಚಿಗೆ" ಎಂದು ಬರೆದರೆ ಯಾರಿಗೆ? ಊರಿನ ದೇವಾಲಯ ಬಹಳ ಕಡೆ ಸ್ವತಃ ಆಸ್ತಿ ಹೊಂದುವ ಕಾನೂನುಬದ್ಧ ವ್ಯಕ್ತಿಯೇ ಅಲ್ಲ. ದಕ್ಷಿಣ ಭಾರತ ಸಭೆಯ ಆಸ್ತಿಗಳನ್ನು ಹಿಡಿದಿಡಲು ಸಿಎಸ್‌ಐ ಟ್ರಸ್ಟ್ ಅಸೋಸಿಯೇಷನ್ ಎಂಬ ನೋಂದಾಯಿತ ಕಂಪನಿಯಿದೆ. ಡಯಾಸಿಸ್ ಕಚೇರಿಯಲ್ಲಿ ಕೇಳಿದರೆ ಉಯಿಲಿನಲ್ಲಿ ಬರೆಯಬೇಕಾದ ಸರಿಯಾದ ಹೆಸರು ಕೊಡುತ್ತಾರೆ. ಕಥೋಲಿಕರಲ್ಲಿ ಧರ್ಮಕೇಂದ್ರದ ಆಸ್ತಿಗೆ ಧರ್ಮಪ್ರಾಂತ್ಯದ (ಡಯಾಸಿಸ್) ವ್ಯವಸ್ಥೆಯಿರುತ್ತದೆ, ಸನ್ಯಾಸಿ ಸನ್ಯಾಸಿನಿಯರ ಧಾರ್ಮಿಕ ಸಭೆಗಳಿಗೆ ತಮ್ಮದೇ ನೋಂದಾಯಿತ ಸೊಸೈಟಿ ಅಥವಾ ಟ್ರಸ್ಟ್ ಇರುತ್ತದೆ. ಧರ್ಮಸಭೆಯ ಕಾನೂನು ಸಂಹಿತೆಯ 1300ನೇ ನಿಯಮ, ಧರ್ಮಕಾರ್ಯಕ್ಕೆ ಬರೆದಿಟ್ಟ ಇಚ್ಛೆಯನ್ನು, ಹಣ ಬಳಸುವ ರೀತಿಯ ವಿಷಯದಲ್ಲಿಯೂ, ಬಹಳ ಎಚ್ಚರದಿಂದ ನೆರವೇರಿಸಬೇಕೆನ್ನುತ್ತದೆ. 1301ನೇ ನಿಯಮ ಅದರ ಹೊಣೆಯನ್ನು ಧರ್ಮಾಧ್ಯಕ್ಷರ (ಬಿಷಪ್) ಮೇಲೆ ಹಾಕುತ್ತದೆ. ಆದ್ದರಿಂದ ಧರ್ಮಪ್ರಾಂತ್ಯಕ್ಕೆ ವಿಷಯ ಮೊದಲೇ ಗೊತ್ತಿರುವುದು ಒಳ್ಳೆಯದು. ಆತ್ಮಶಾಂತಿಗೆ ಬಲಿಪೂಜೆ ಇಡಿಸುವುದಾದರೆ "ಶಾಶ್ವತವಾಗಿ" ಎನ್ನದೆ, ಧರ್ಮಪ್ರಾಂತ್ಯದ ನಿಯಮ ಕೇಳಿ ಇಷ್ಟು ವರ್ಷವೆಂದು ಬರೆಯಿರಿ.

ಸ್ವತಂತ್ರ ಸಭೆಗಳಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ಆಸ್ತಿಯನ್ನು ಪಾಸ್ಟರ ವೈಯಕ್ತಿಕ ಹೆಸರಿಗೆ ಬರೆದರೆ ಅದು ಅವರ ಸ್ವಂತ ಆಸ್ತಿ. ಅವರ ನಂತರ ಹೋಗುವುದು ಅವರ ಹೆಂಡತಿ ಮಕ್ಕಳಿಗೆ, ಸಭೆಗಲ್ಲ. ಅವರೆಷ್ಟೇ ಪ್ರಾಮಾಣಿಕರಾಗಿದ್ದರೂ ಕಾನೂನು ನಡೆಯುವುದು ಹಾಗೆಯೇ. ಸಭೆಗೆ ಟ್ರಸ್ಟ್ ಅಥವಾ ಸೊಸೈಟಿಯ ನೋಂದಣಿ ಇದೆಯೇ, ಅದರದೇ ಹೆಸರಿನ ಪ್ಯಾನ್, ಬ್ಯಾಂಕ್ ಖಾತೆ ಇದೆಯೇ, ಲೆಕ್ಕಪರಿಶೋಧನೆ ಪ್ರತಿವರ್ಷ ಆಗುತ್ತದೆಯೇ ಎಂದು ಕೇಳಿ, ಪ್ರತಿ ತೆಗೆದುಕೊಳ್ಳಿ. ಕೊಡಲು ಹಿಂಜರಿದರೆ ಅಲ್ಲಿಗೆ ಸ್ಥಿರಾಸ್ತಿ ಬರೆಯಬೇಡಿ.

"ಬಡವರಿಗೆ", "ದೇವರ ಸೇವೆಗೆ" ಎಂದಷ್ಟೇ ಬರೆದು ಬಿಡುವುದೂ ತಪ್ಪು. ಉಯಿಲಿನ ಅರ್ಥ ಸ್ಪಷ್ಟವಾಗದಿದ್ದರೆ ಅಷ್ಟರಮಟ್ಟಿಗೆ ಅದು ಬಿದ್ದುಹೋಗುತ್ತದೆ.

ನೀವು ವಿದೇಶಿ ಪೌರತ್ವ ಪಡೆದಿದ್ದರೆ, ಓಸಿಐ ಕಾರ್ಡ್ ಇದ್ದರೂ ಸರಿ, ನಿಮ್ಮ ಕೊಡುಗೆ 2010ರ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯಡಿ ಬರುತ್ತದೆ. ಆ ನೋಂದಣಿಯಿಲ್ಲದ ಸಂಸ್ಥೆ ಹಣ ಮುಟ್ಟುವಂತಿಲ್ಲ. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡೇ ಕೊಲ್ಲಿ ದೇಶಗಳಲ್ಲಿ ದುಡಿಯುವವರ ಸ್ವಂತ ಉಳಿತಾಯಕ್ಕೆ ಈ ತೊಡಕಿಲ್ಲ.

ನಾಮಿನಿ ಹಾಕಿದರೆ ಸಾಲದೇ?

ಸಾಲದು. ಬ್ಯಾಂಕ್ ಠೇವಣಿಗೆ ವ್ಯಕ್ತಿಗಳನ್ನು ಮಾತ್ರ ನಾಮಿನಿ ಮಾಡಬಹುದು, ಸಂಸ್ಥೆಯನ್ನಲ್ಲ. ಪಿಎಫ್‌ನಲ್ಲಿ ಕುಟುಂಬವಿದ್ದವರು ಕುಟುಂಬದವರನ್ನೇ ಹಾಕಬೇಕು. ಅದಕ್ಕಿಂತ ಮುಖ್ಯವಾಗಿ, ನಾಮಿನಿ ಹಣ ಪಡೆದುಕೊಳ್ಳುವ ಕೈ ಮಾತ್ರ; ಒಡೆತನ ಉಯಿಲಿನ ಪ್ರಕಾರ, ಇಲ್ಲದಿದ್ದರೆ ಉತ್ತರಾಧಿಕಾರದ ಪ್ರಕಾರ. ಷೇರುಗಳ ವಿಷಯದಲ್ಲಿಯೂ ಸುಪ್ರೀಂ ಕೋರ್ಟ್ 2023ರ ಡಿಸೆಂಬರಿನಲ್ಲಿ ಇದನ್ನೇ ಹೇಳಿತು. ಜೀವವಿಮೆಗೆ ಮಾತ್ರ 2015ರ ತಿದ್ದುಪಡಿಯ ನಂತರ ತಂದೆತಾಯಿ, ಸಂಗಾತಿ, ಮಕ್ಕಳು ನಾಮಿನಿಯಾಗಿದ್ದರೆ ಹಣ ಅವರದೇ. ಠೇವಣಿಯ ಪಾಲು ಧರ್ಮಕ್ಕೆ ಹೋಗಬೇಕಿದ್ದರೆ ಉಯಿಲಿನ ಎಕ್ಸಿಕ್ಯೂಟರ್ ಆಗುವವರನ್ನೇ ಆ ಖಾತೆಗೆ ನಾಮಿನಿ ಮಾಡಿ. ಸಿಟ್ಟಾದ ಸಂಬಂಧಿಯ ಕೈಗೆ ಹಣ ಬಂದು, ಅಲ್ಲಿಂದ ಬಿಡಿಸಿಕೊಳ್ಳುವ ಪಾಡು ಸಂಸ್ಥೆಗೆ ತಪ್ಪುತ್ತದೆ.

ಸ್ವಂತ ಟ್ರಸ್ಟ್, ಅಥವಾ ಇರುವ ಸಂಸ್ಥೆಯಲ್ಲಿ ದತ್ತಿನಿಧಿ

ತಂದೆತಾಯಿಯ ಹೆಸರಿನಲ್ಲಿ ಟ್ರಸ್ಟ್ ಮಾಡಬೇಕೆಂಬ ಆಸೆ ಸಹಜ. ಆದರೆ ಟ್ರಸ್ಟ್ ಒಮ್ಮೆ ಮಾಡಿದರೆ ಮುಗಿಯುವ ಕೆಲಸವಲ್ಲ. ಪ್ರತ್ಯೇಕ ಪ್ಯಾನ್, ಖಾತೆ, ಕಾಲಕಾಲಕ್ಕೆ ನವೀಕರಿಸಬೇಕಾದ ತೆರಿಗೆ ನೋಂದಣಿ, ಪ್ರತಿವರ್ಷದ ರಿಟರ್ನ್ ಇವೆಲ್ಲ ಬೆನ್ನಿಗೆ ಬರುತ್ತವೆ. ತೆರಿಗೆ ವಿನಾಯಿತಿ ಉಳಿಯಬೇಕಾದರೆ ಆದಾಯದ 85 ಶೇಕಡಾವನ್ನು ಉದ್ದೇಶಕ್ಕೆ ಬಳಸಬೇಕು. 5 ಲಕ್ಷ ಮೂಲಧನಕ್ಕೆ 6.5 ಶೇಕಡಾ ಬಡ್ಡಿ ಬಂದರೆ ವರ್ಷಕ್ಕೆ 32,500 ರೂಪಾಯಿ. ಲೆಕ್ಕಿಗರ ಶುಲ್ಕ, ಓಡಾಟ ಕಳೆದರೆ ಒಬ್ಬ ವಿದ್ಯಾರ್ಥಿಗೂ ನೆಟ್ಟಗೆ ನೆರವಾಗದು. ಮೊದಲ ತಲೆಮಾರಿನ ಟ್ರಸ್ಟಿಗಳು ಹೋದ ಮೇಲೆ ಯಾರೂ ಮುಂದೆ ಬಾರದೆ ಖಾತೆ ನಿಷ್ಕ್ರಿಯವಾಗುವುದೂ ಉಂಟು.

ಅಷ್ಟೇ ಹಣವನ್ನು ಈಗಾಗಲೇ ನಡೆಯುತ್ತಿರುವ ಕಾಲೇಜು, ಆಸ್ಪತ್ರೆ, ವಿದ್ಯಾರ್ಥಿನಿಲಯದಲ್ಲಿ ಹೆಸರಿನ ದತ್ತಿನಿಧಿಯಾಗಿ ಇಟ್ಟರೆ ಆಡಳಿತದ ಖರ್ಚು ನಿಮ್ಮ ಬಡ್ಡಿಯನ್ನು ತಿನ್ನುವುದಿಲ್ಲ. "ಇದು ಮೂಲಧನ, ಬಡ್ಡಿಯನ್ನು ಮಾತ್ರ ಬಳಸತಕ್ಕದ್ದು" ಎಂದು ಸ್ಪಷ್ಟವಾಗಿ ಬರೆಯಿರಿ. ಹಾಗೆ ಬರೆಯದ ಹಣವನ್ನು ಸಂಸ್ಥೆ ಆ ವರ್ಷದ ಖರ್ಚಿಗೇ ಹಾಕಿಬಿಡಬಹುದು. ಸ್ವಂತ ಟ್ರಸ್ಟ್ ಯೋಗ್ಯವಾಗುವುದು ಬಾಡಿಗೆ ಬರುವ ಕಟ್ಟಡದಂಥ ದೊಡ್ಡ ಆಸ್ತಿ ಇದ್ದು, ಕೆಲಸ ಮುಂದುವರಿಸುವ ಕಿರಿಯರು ಕನಿಷ್ಠ ಮೂವರು ಇದ್ದಾಗ. ಅಂಗವಿಕಲ ಮಗುವಿರುವ ಮನೆಗೂ ಟ್ರಸ್ಟ್ ಬೇಕಾದೀತು: ಮಗುವಿನ ಜೀವಮಾನದವರೆಗೆ ಆದಾಯ ಮಗುವಿಗೆ, ನಂತರ ಉಳಿದದ್ದು ಮಗುವನ್ನು ನೋಡಿಕೊಂಡ ಸಂಸ್ಥೆಗೋ ಅಂಥದ್ದೇ ಸೇವೆಗೋ. ಇದನ್ನು ವಕೀಲರಿಲ್ಲದೆ ಬರೆಯಲು ಹೋಗಬೇಡಿ.

ಯಾರಿಗೆ ಯಾವುದು

ಮಕ್ಕಳು ಚಿಕ್ಕವರಿರುವ ದಂಪತಿಗೆ ಷರತ್ತಿನ ಕೊಡುಗೆ, ಜೊತೆಗೆ ಈಗಿನ ದುಡಿಮೆಯಿಂದ ಕೈಲಾದ ದಾನ. ಮಕ್ಕಳು ನೆಲೆ ನಿಂತ, ಸ್ವಂತ ಮನೆಯಿರುವ ನಿವೃತ್ತರಿಗೆ ಉಳಿಕೆಯಲ್ಲಿ 5ರಿಂದ 10 ಶೇಕಡಾ. ಮದುವೆಯಾಗದವರಿಗೆ, ಮಕ್ಕಳಿಲ್ಲದವರಿಗೆ ಉಯಿಲು ಅತಿ ತುರ್ತು, ಏಕೆಂದರೆ ಅವರ ಆಸ್ತಿ ಅವರು ಯೋಚಿಸಿಯೂ ಇರದವರಿಗೆ ಹೋಗಬಹುದು. ಮನೆಯ ಮಟ್ಟಿಗೆ ವಾಸದ ಹಕ್ಕು ಉಳಿಸಿಕೊಂಡ ದಾನಪತ್ರವನ್ನೂ ಯೋಚಿಸಬಹುದು. ಮಕ್ಕಳು ಕೊಡುಗೆಯನ್ನು ವಿರೋಧಿಸುವ ಸಂಭವವಿದ್ದರೆ ಬದುಕಿರುವಾಗಲೇ ಕೊಟ್ಟುಬಿಡುವುದು ಮೇಲು. ಉಯಿಲನ್ನು ಪ್ರಶ್ನಿಸುವಾಗ ಉತ್ತರ ಹೇಳಲು ಬರೆದವರೇ ಇರುವುದಿಲ್ಲ.

ಸಹಿ, ಸಾಕ್ಷಿ, ಸಂಶಯ

ಉಯಿಲಿಗೆ ಛಾಪಾ ಕಾಗದ ಬೇಡ, ಕನ್ನಡದಲ್ಲಿ ಬಿಳಿ ಹಾಳೆಯ ಮೇಲೆ ಕೈಯಲ್ಲಿ ಬರೆದರೂ ನಡೆಯುತ್ತದೆ. ಬೇಕಾದದ್ದು ಉತ್ತರಾಧಿಕಾರ ಕಾಯ್ದೆಯ 63ನೇ ಕಲಂ ಹೇಳುವ ಸಹಿಯ ಕ್ರಮ. ನೀವು ಸಹಿ ಮಾಡಬೇಕು. ಕನಿಷ್ಠ ಇಬ್ಬರು ಸಾಕ್ಷಿಗಳು ನೀವು ಸಹಿ ಹಾಕುವುದನ್ನು ನೋಡಿರಬೇಕು, ಅಥವಾ "ಇದು ನನ್ನ ಸಹಿ" ಎಂದು ನಿಮ್ಮ ಬಾಯಿಂದ ಕೇಳಿರಬೇಕು, ಮತ್ತು ನಿಮ್ಮೆದುರಿಗೇ ಸಹಿ ಹಾಕಬೇಕು. ಮೂವರೂ ಒಂದೇ ಕೋಣೆಯಲ್ಲಿ ಕುಳಿತು ಪ್ರತಿ ಪುಟಕ್ಕೂ ಸಹಿ ಮಾಡಿ ಮುಗಿಸಿದರೆ ಮುಂದೆ ಯಾರೂ ಬೆರಳು ತೋರಿಸಲಾರರು. ಆಮೇಲೆ ಪೆನ್ನಿನಿಂದ ತಿದ್ದಿದರೆ, ತಿದ್ದಿದ ಜಾಗದ ಪಕ್ಕದಲ್ಲಿ ನಿಮ್ಮ ಮತ್ತು ಸಾಕ್ಷಿಗಳ ಸಹಿ ಇಲ್ಲದೆ ಆ ತಿದ್ದುಪಡಿ ನಿಲ್ಲುವುದಿಲ್ಲ.

67ನೇ ಕಲಂ ಕ್ರೈಸ್ತರ ಉಯಿಲಿನಲ್ಲಿ ಎಡವಿಸುವಂಥದ್ದು. ಸಾಕ್ಷಿ ಹಾಕಿದವರಿಗೆ ಅಥವಾ ಅವರ ಗಂಡ, ಹೆಂಡತಿಗೆ ಬರೆದ ಕೊಡುಗೆ ರದ್ದಾಗುತ್ತದೆ; ಉಯಿಲಿನ ಉಳಿದ ಭಾಗ ನಿಲ್ಲುತ್ತದೆ. ಮಗಳಿಗೆ ಮನೆ ಬರೆದು ಅಳಿಯನನ್ನು ಸಾಕ್ಷಿಯಾಗಿ ಕೂರಿಸಿದರೆ ಮಗಳಿಗೆ ಮನೆಯಿಲ್ಲ.

ಸಭೆಗೆ ಬರೆಯುವ ಉಯಿಲಿಗೆ ಸಭಾಪಾಲಕರನ್ನೋ ಖಜಾಂಚಿಯನ್ನೋ ಸಾಕ್ಷಿ ಮಾಡದಿರುವುದೂ ಒಳ್ಳೆಯದು. ಮೈಸೂರು ಸೀಮೆಯಿಂದ ಹೋದ ವೆಂಕಟಾಚಲ ಅಯ್ಯಂಗಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1958ರ ಕೊನೆಯಲ್ಲಿ ಹೇಳಿದ ಮಾತು ಇಂದಿಗೂ ಅಳತೆಗೋಲು: ಉಯಿಲಿನಿಂದ ದೊಡ್ಡ ಲಾಭ ಪಡೆಯುವವರೇ ಅದನ್ನು ಬರೆಸುವುದರಲ್ಲಿ ಮುಂದಾಗಿದ್ದರೆ ಅದು ಸಂಶಯದ ಸಂದರ್ಭ, ಆ ಸಂಶಯ ನಿವಾರಿಸುವ ಹೊಣೆ ಉಯಿಲನ್ನು ಎತ್ತಿಹಿಡಿಯುವವರದು. ಸಭಾಪಾಲಕರು ಪ್ರಾರ್ಥಿಸಲಿ, ಸಲಹೆ ಕೊಡಲಿ. ಕರಡು ಬರೆಯುವುದು ಸಂಬಂಧವಿಲ್ಲದ ವಕೀಲರು, ಸಾಕ್ಷಿ ಹಾಕುವುದು ನಿಮಗಿಂತ ಕಿರಿಯರಾದ ಪರಿಚಿತರು. ಎಪ್ಪತ್ತು ದಾಟಿದವರು, ಕಾಯಿಲೆಯಲ್ಲಿರುವವರು ಅದೇ ದಿನದ ವೈದ್ಯರ ಪ್ರಮಾಣಪತ್ರ ಲಗತ್ತಿಸಿದರೆ, ವೈದ್ಯರೇ ಒಬ್ಬ ಸಾಕ್ಷಿಯಾದರೆ ಇನ್ನೂ ಗಟ್ಟಿ. ಮಕ್ಕಳಿಗೆ ಕಡಿಮೆ ಕೊಟ್ಟಿದ್ದರೆ ಏಕೆಂದು ಎರಡು ಸಾಲು ಬರೆಯಿರಿ: "ಮಗನಿಗೆ ಮನೆ ಕಟ್ಟಲು ಆಗಲೇ ಇಷ್ಟು ಕೊಟ್ಟಿರುತ್ತೇನೆ."

ಎಕ್ಸಿಕ್ಯೂಟರ್ ಆಗಿ ಒಬ್ಬ ವ್ಯಕ್ತಿಯನ್ನೇ ಹೆಸರಿಸಿ, ಅವರಿಂದಾಗದಿದ್ದರೆ ಇನ್ನೊಬ್ಬರನ್ನು. "ಸಭಾ ಕಮಿಟಿ" ಎಂದು ಬರೆದರೆ ನ್ಯಾಯಾಲಯ ಅಂಥ ಗುಂಪಿಗೆ ಪ್ರೊಬೇಟ್ (ಉಯಿಲು ಸಾಚಾ ಎಂಬ ನ್ಯಾಯಾಲಯದ ಪ್ರಮಾಣಪತ್ರ) ಕೊಡುವುದಿಲ್ಲ. ಅಂದಹಾಗೆ, ಉಯಿಲಿನ ಹಕ್ಕು ಸ್ಥಾಪಿಸಲು ಪ್ರೊಬೇಟ್ ಬೇಕೇಬೇಕೆಂಬ ಹಿಂದಿನ ನಿಯಮದಿಂದ ಭಾರತೀಯ ಕ್ರೈಸ್ತರಿಗೆ 2002ರ ತಿದ್ದುಪಡಿಯೇ ವಿನಾಯಿತಿ ಕೊಟ್ಟಿತ್ತು; 2025ರಲ್ಲಿ ಆ ನಿಯಮವೇ ರದ್ದಾಯಿತು. ಆದರೂ ವಿವಾದವಿದ್ದಾಗ ಪ್ರೊಬೇಟ್ ಪಡೆಯುವುದೇ ಕ್ಷೇಮ. ಕೊಡುಗೆಗಳನ್ನು ತೀರಿಸಲು ಎಕ್ಸಿಕ್ಯೂಟರ್‌ಗೆ ಮರಣದ ದಿನದಿಂದ ಒಂದು ವರ್ಷ ಕಾಲಾವಕಾಶವಿದೆ ಎಂಬುದು ಸಂಸ್ಥೆಗಳಿಗೂ ತಿಳಿದಿರಲಿ.

ಉಯಿಲಿನ ನೋಂದಣಿ ಕಡ್ಡಾಯವಲ್ಲ. ಧರ್ಮಕ್ಕೆ ಗಣನೀಯ ಭಾಗ ಬರೆದಿದ್ದರೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಮಾಡಿಸಿಬಿಡಿ. ಮೂಲ ಕಳೆದರೂ ಪ್ರತಿ ಸಿಗುತ್ತದೆ, ನೀವು ಬದುಕಿರುವವರೆಗೆ ಬೇರೆಯವರಿಗೆ ಅದರ ನಕಲು ಕೊಡುವುದಿಲ್ಲ. ಗುಟ್ಟಾಗಿಯೇ ಇಡಬೇಕೆಂದರೆ ಮೊಹರು ಹಾಕಿದ ಲಕೋಟೆಯಲ್ಲಿ ಜಿಲ್ಲಾ ನೋಂದಣಾಧಿಕಾರಿಯಲ್ಲಿ ಠೇವಣಿ ಇಡಬಹುದು. ಬ್ಯಾಂಕ್ ಲಾಕರಿನಲ್ಲಿ ಮಾತ್ರ ಇಡಬೇಡಿ, ನಿಮ್ಮ ನಂತರ ಲಾಕರ್ ತೆರೆಯಲು ಬೇಕಾಗುವ ಕಾಗದವೇ ಅದರೊಳಗೆ ಸಿಕ್ಕಿಕೊಳ್ಳುತ್ತದೆ. ಎಕ್ಸಿಕ್ಯೂಟರ್‌ಗೆ ಜಾಗ ತಿಳಿಸಿ, ಠೇವಣಿ, ವಿಮೆ, ಸಾಲ, ಆಸ್ತಿಪತ್ರಗಳ ಪಟ್ಟಿಯೊಂದನ್ನು ಕೊಡಿ.

ಮದುವೆಯಾದರೆ ಉಯಿಲು ರದ್ದು. ಇದು 69ನೇ ಕಲಂ, ಕ್ರೈಸ್ತರಿಗೆ ಅನ್ವಯಿಸುತ್ತದೆ. ಹೆಂಡತಿ ತೀರಿಕೊಂಡ ಮೇಲೆ ಉಯಿಲು ಬರೆದು, ಆಮೇಲೆ ಮರುಮದುವೆಯಾದವರ ಉಯಿಲು ನೋಂದಣಿಯಾಗಿದ್ದರೂ ಮದುವೆಯ ದಿನವೇ ಬಿದ್ದುಹೋಗುತ್ತದೆ, ಅದರಲ್ಲಿದ್ದ ಸಭೆಯ ಪಾಲೂ ಅದರೊಂದಿಗೆ. ಮದುವೆಯ ನಂತರ ಹೊಸದಾಗಿ ಬರೆಯಬೇಕು. ಮನೆ ಮಾರಿದಾಗ, ಎಕ್ಸಿಕ್ಯೂಟರ್ ಅಥವಾ ಪಾಲುದಾರರು ತೀರಿಕೊಂಡಾಗ, ಸಂಸ್ಥೆಯ ಹೆಸರು ಬದಲಾದಾಗಲೂ ತೆಗೆದು ನೋಡಿ. ಹೊಸದು ಬರೆದಾಗ "ಈ ಹಿಂದಿನ ಎಲ್ಲ ಉಯಿಲುಗಳನ್ನು ರದ್ದುಪಡಿಸಿರುತ್ತೇನೆ" ಎಂಬ ಸಾಲಿನಿಂದಲೇ ಆರಂಭಿಸಿ, ದಿನಾಂಕ ಹಾಕಿ, ಹಳೆಯದರ ಪ್ರತಿ ಯಾರ ಬಳಿಯಿದ್ದರೂ ಹಿಂದಕ್ಕೆ ಪಡೆಯಿರಿ.